ಜರ್ಮನಿಗೆ ಪೋಸ್ಟಿಂಗ್: ಬಾಡಿಗೆ ಭತ್ಯೆಯಲ್ಲಿ ದುಡ್ಡು ಉಳಿಯುತ್ತದಾ?

ಓದುಗರ ಪ್ರಶ್ನೆ

ಮೇಡಂ, ನಮ್ಮೂರು ದಾವಣಗೆರೆ. ನಮ್ಮ ಮನೆಯವರು ಅಮೆರಿಕದ ವಾಯುಪಡೆಯಲ್ಲಿ ಸ್ಟಾಫ್ ಸಾರ್ಜೆಂಟ್. ಈಗ ಟೆಕ್ಸಸ್‌ನ ಸ್ಯಾನ್ ಆಂಟೋನಿಯೋದಲ್ಲಿದ್ದೇವೆ. ಆಗಸ್ಟ್‌ನಲ್ಲಿ ಜರ್ಮನಿಯ ರಾಮ್‌ಸ್ಟೈನ್‌ಗೆ ವರ್ಗವಾಗಿದೆ. ಮೂರು ವರ್ಷದ ಮಗಳಿದ್ದಾಳೆ. ಇಲ್ಲಿ ಭತ್ಯೆಗಿಂತ ಕಡಿಮೆ ಬಾಡಿಗೆಯ ಮನೆ ಹಿಡಿದು ತಿಂಗಳಿಗೆ 400 ಡಾಲರ್ ಉಳಿಸುತ್ತೇವೆ. ಅದರಲ್ಲೇ ಊರಲ್ಲಿ ತೆಗೆದುಕೊಂಡ ಸೈಟಿನ ಕಂತು ಕಟ್ಟುತ್ತಿದ್ದೇವೆ. ಜರ್ಮನಿಯಲ್ಲೂ ಹೀಗೇ ಮಾಡೋಣ ಅಂತ ಎರಡು ಮನೆ ನೋಡಿಟ್ಟಿದ್ದೇವೆ. ಒಂದು ಹಳೇ ದೊಡ್ಡ ಮನೆ, 150 ಚದರ ಮೀಟರ್, ಬಾಡಿಗೆ 1,450 ಯೂರೋ. ಇನ್ನೊಂದು ಹೊಸದು, 130 ಚದರ ಮೀಟರ್, 1,650 ಯೂರೋ. ಎರಡೂ ನಮ್ಮ ರ್ಯಾಂಕಿನ ಮಿತಿಯೊಳಗಿವೆ. ಕಡಿಮೆಯದ್ದೇ ಹಿಡಿಯಬೇಕು ಅಂತ ನನಗೆ ಆಸೆ. ಆದರೆ ಅಲ್ಲಿರುವ ಒಬ್ಬರು, 'ಮಿತಿಯವರೆಗೂ ಬಾಡಿಗೆ ಬರೆಸಿ, ಮಿಕ್ಕಿದ್ದನ್ನು ಮಾಲೀಕರಿಂದ ಕೈಗೆ ತಗೊಳ್ಳಿ, ಎಲ್ಲರೂ ಮಾಡ್ತಾರೆ' ಅಂದರು. ಮೂರು ತಿಂಗಳ ಬಾಡಿಗೆ ಅಡ್ವಾನ್ಸ್ ಬೇರೆ ಕೊಡಬೇಕಂತೆ. ಯೂರೋ ಏರುತ್ತಾ ಹೋದರೆ ಏನು ಗತಿ? ರಾತ್ರಿ ನಿದ್ದೆ ಬರುತ್ತಿಲ್ಲ. ಇನ್ನೊಂದು ಸಣ್ಣ ಪ್ರಶ್ನೆ: ಇಲ್ಲಿನ ಮಿಕ್ಸಿ, ಗ್ರೈಂಡರ್ ಅಲ್ಲಿಗೆ ಒಯ್ಯಬಹುದಾ?

ಉತ್ತರ

ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ಐದಾರು ಇದ್ದರೂ ಭಯ ಒಂದೇ: ಸೈಟಿನ ಕಂತು ನಿಲ್ಲುತ್ತದಾ? ಅದಕ್ಕೇ ಮೊದಲು ಉತ್ತರ ಹೇಳುತ್ತೇನೆ. ಬಾಡಿಗೆ ಭತ್ಯೆಯಿಂದ ಉಳಿಸಿ ಕಂತು ಕಟ್ಟುವುದು ಜರ್ಮನಿಯಲ್ಲಿ ಆಗುವುದಿಲ್ಲ. ಆ 400 ಡಾಲರ್ ಇನ್ನು ಮುಂದೆ ಮೂಲ ಸಂಬಳದಿಂದಲೇ ಬರಬೇಕು. ಇದು ಆಗಸ್ಟ್‌ಗೆ ಮುಂಚೆ ಗೊತ್ತಾಗಿದ್ದು ಒಳ್ಳೆಯದೇ ಆಯಿತು. ಮಿಲಿಟರಿ ಕುಟುಂಬಗಳ ಹಣಕಾಸಿನ ಸಲಹೆಗಾರ್ತಿಯಾಗಿ ಹದಿನೈದು ವರ್ಷದಿಂದ ಕೂತಿದ್ದೇನೆ. ಅಲ್ಲಿಗೆ ಹೋದ ಮೇಲೆ, ನಾಲ್ಕನೇ ತಿಂಗಳಿಗೆ ಇದನ್ನು ಕಂಡುಕೊಂಡು ಬಂದವರೇ ಜಾಸ್ತಿ.

ಈಗ ನಿಮಗೆ ಬರುತ್ತಿರುವುದು ಬಿಎಎಚ್, ಅಂದರೆ ಅಮೆರಿಕದೊಳಗಿನ ಮನೆ ಭತ್ಯೆ. ಊರು, ರ್ಯಾಂಕು, ಕುಟುಂಬ ಇದೆಯೋ ಇಲ್ಲವೋ, ಇಷ್ಟು ನೋಡಿ ಒಂದು ಮೊತ್ತ ಕೊಟ್ಟುಬಿಡುತ್ತಾರೆ. ಅದಕ್ಕಿಂತ ಕಡಿಮೆ ಬಾಡಿಗೆಯಲ್ಲಿದ್ದರೆ ಮಿಕ್ಕಿದ್ದು ನಿಮ್ಮದು, ಯಾರೂ ಕೇಳುವುದಿಲ್ಲ. ಅಮೆರಿಕದ ಐವತ್ತು ರಾಜ್ಯಗಳ ಹೊರಗೆ ಹೋದ ತಕ್ಷಣ ಅದು ಓಎಚ್‌ಎ ಆಗುತ್ತದೆ, ಅಂದರೆ ಹೊರದೇಶದ ಮನೆ ಭತ್ಯೆ. ಹೆಸರು ಕೇಳಿದರೆ ಅಕ್ಕ ತಂಗಿ ಅನ್ನಿಸುತ್ತದೆ, ನಡವಳಿಕೆ ಮಾತ್ರ ಬೇರೆ. ಇಲ್ಲಿ ನೀವು ನಿಜವಾಗಿ ಎಷ್ಟು ಬಾಡಿಗೆ ಕಟ್ಟುತ್ತೀರೋ ಅಷ್ಟೇ ಕೊಡುತ್ತಾರೆ, ಅದೂ ನಿಮ್ಮ ರ್ಯಾಂಕಿಗೆ ಹಾಕಿದ ಮಿತಿಯವರೆಗೆ ಮಾತ್ರ. 1,450ರ ಮನೆ ಹಿಡಿದರೆ 1,450. 1,650ರ ಮನೆ ಹಿಡಿದರೆ 1,650. ಮಿತಿಗೂ ಬಾಡಿಗೆಗೂ ನಡುವೆ ಉಳಿದ ದುಡ್ಡು ನಿಮ್ಮ ಕೈಗೆ ಬರುವುದೇ ಇಲ್ಲ. ಆ ಮಿತಿಯನ್ನು ಮಿಲಿಟರಿಯವರು ಅಲ್ಲಿ ನಿಜವಾಗಿ ಕಟ್ಟುತ್ತಿರುವ ಬಾಡಿಗೆಗಳನ್ನು ನೋಡಿಯೇ ಹಾಕುತ್ತಾರೆ. ಕುಟುಂಬ ಇರುವವರಲ್ಲಿ ನೂರಕ್ಕೆ ಎಂಬತ್ತು ಜನರ ಬಾಡಿಗೆ ಪೂರ್ತಿ ಒಳಗೆ ಬರುವ ಹಾಗೆ ಲೆಕ್ಕ. ಹಾಗಾಗಿ ಮಿತಿ ಅನ್ನೋದು ನಿಮಗೆ ಮಂಜೂರಾದ ಹಣ ಅಲ್ಲ, ಅದೊಂದು ಗೆರೆ.

ಓಎಚ್‌ಎಯಲ್ಲಿ ಮೂರು ಭಾಗ ಇವೆ. ಒಂದು ಬಾಡಿಗೆ, ಅದನ್ನು ಹೇಳಿ ಆಯಿತು. ಎರಡನೆಯದು ಕರೆಂಟು, ನೀರು, ಬೆಚ್ಚಗಿಡುವ ಇಂಧನ ಇಂಥದ್ದಕ್ಕೆಲ್ಲ ಕೊಡುವ ಮಾಸಿಕ ಭತ್ಯೆ. ಇದು ಬಾಡಿಗೆಯ ಹಾಗಲ್ಲ. ನಿಮ್ಮ ಬಿಲ್ ಎಷ್ಟೇ ಬರಲಿ, ಇದು ಒಂದೇ ಮೊತ್ತ. ಕಡಿಮೆ ಖರ್ಚಾದರೆ ಉಳಿದಿದ್ದು ನಿಮ್ಮದು, ಜಾಸ್ತಿಯಾದರೆ ನಿಮ್ಮ ಜೇಬಿನಿಂದ. ಮೂರನೆಯದು ಮಿಹಾ. ಹೊಸ ಮನೆಗೆ ಸೇರುವಾಗ ಒಂದು ಸಲ ಕೊಡುವ ದುಡ್ಡು.

ಎರಡನೇ ಭಾಗವನ್ನು ಇನ್ನೊಂದು ಸಲ ಓದಿ. ಅಮೆರಿಕದಲ್ಲಿ ಉಳಿತಾಯ ಇದ್ದಿದ್ದು ಬಾಡಿಗೆಯಲ್ಲಿ. ಜರ್ಮನಿಯಲ್ಲಿ ಗೆಲ್ಲುವುದೂ ಸೋಲುವುದೂ ಮನೆ ಬೆಚ್ಚಗಿಡುವ ಇಂಧನದ ಬಿಲ್ಲಿನಲ್ಲಿ. ಇದು ಮನಸ್ಸಿಗೆ ಬಂದರೆ ನೀವು ನೋಡಿಟ್ಟ ಎರಡು ಮನೆಗಳ ಲೆಕ್ಕ ತಲೆಕೆಳಗಾಗುತ್ತದೆ.

ಹೇಗೆ ಅಂತ ಹೇಳುತ್ತೇನೆ. ಜರ್ಮನಿಯಲ್ಲಿ ಬಾಡಿಗೆಗೆ ಕೊಡುವ ಮನೆಗೆ ಎನರ್ಗೀ ಔಸ್‌ವೈಸ್ ಅನ್ನುವ ಒಂದು ಪತ್ರ ಇರುತ್ತದೆ. ಆ ಮನೆ ಎಷ್ಟು ಇಂಧನ ತಿನ್ನುತ್ತದೆ ಅನ್ನುವ ಜಾತಕ ಅದು. ಮನೆ ನೋಡಲು ಹೋದವರಿಗೆ ಅದನ್ನು ತೋರಿಸಬೇಕು ಅಂತ ಅಲ್ಲಿನ ಕಾನೂನೇ ಇದೆ. ಹಸಿರಿನಿಂದ ಕೆಂಪಿನವರೆಗೆ ಒಂದು ಪಟ್ಟಿ, ಅದರ ಮೇಲೆ ಒಂದು ಬಾಣ. ಪಟ್ಟಿಯ ಕೆಳಗೆ ಒಂದು ಅಂಕಿ: ವರ್ಷಕ್ಕೆ ಒಂದು ಚದರ ಮೀಟರಿಗೆ ಎಷ್ಟು ಕಿಲೋವ್ಯಾಟ್ ಅವರ್. ಹಳೆಯ ಮನೆಯಲ್ಲಿ ಅದು 180 ಇದೆ ಅಂತಿಟ್ಟುಕೊಳ್ಳಿ. 150 ಚದರ ಮೀಟರಿಗೆ ಗುಣಿಸಿದರೆ 27,000. ಹೊಸ ಮನೆಯಲ್ಲಿ 70 ಅಂತಿಟ್ಟುಕೊಂಡು 130ಕ್ಕೆ ಗುಣಿಸಿದರೆ 9,100. ಮನೆ ಬೆಚ್ಚಗಿಡಲು ಉರಿಸುವ ಒಂದು ಲೀಟರ್ ಎಣ್ಣೆಯಿಂದ ಸುಮಾರು 10 ಕಿಲೋವ್ಯಾಟ್ ಅವರ್ ಬಿಸಿ ಸಿಗುತ್ತದೆ. ಲೆಕ್ಕದ ಅನುಕೂಲಕ್ಕೆ ಲೀಟರಿಗೆ ಒಂದು ಯೂರೋ ಹಿಡಿಯಿರಿ. ಹಳೇ ಮನೆಗೆ ವರ್ಷಕ್ಕೆ 2,700 ಯೂರೋ, ಹೊಸದಕ್ಕೆ 910. ವ್ಯತ್ಯಾಸ 1,790. ತಿಂಗಳಿಗೆ ಸುಮಾರು 150 ಯೂರೋ.

ಈಗ ನೋಡಿ. ಬಾಡಿಗೆಯಲ್ಲಿರುವ 200 ಯೂರೋ ವ್ಯತ್ಯಾಸ ನಿಮ್ಮ ಜೇಬಿಗೆ ತಾಗುವುದೇ ಇಲ್ಲ, ಏಕೆಂದರೆ ಎರಡೂ ಮಿತಿಯೊಳಗಿವೆ. ಬಿಸಿಯಲ್ಲಿರುವ 150 ಯೂರೋ ವ್ಯತ್ಯಾಸ ಪೂರ್ತಿ ನಿಮ್ಮದು. ಅಗ್ಗ ಅಂತ ನೀವು ಅಂದುಕೊಂಡ ಮನೆಯೇ ನಿಮಗೆ ದುಬಾರಿ. ನಾನು ಹಾಕಿದ 180, 70 ಬರೀ ಉದಾಹರಣೆ. ನಿಮ್ಮ ಮನೆಗಳ ನಿಜವಾದ ಅಂಕಿ ಆ ಪತ್ರದಲ್ಲಿರುತ್ತದೆ. ಫೋಟೋ ಕಳಿಸಿದ ಏಜೆಂಟರಿಗೆ ಇವತ್ತೇ ಅದನ್ನು ಕೇಳಿ.

ಹಾಗಂತ ಮಿತಿಗೆ ಅಂಟಿಕೊಂಡ ಬಾಡಿಗೆಯ ಮನೆಯನ್ನೂ ಹಿಡಿಯಬೇಡಿ. ಅಲ್ಲಿ ಮಾಲೀಕರು ಸುತ್ತಮುತ್ತಲ ಬಾಡಿಗೆಯ ಮಟ್ಟಕ್ಕೆ ತರಲು ಮೂರು ವರ್ಷದಲ್ಲಿ ಶೇ. 20ರವರೆಗೆ, ಮನೆಗಳ ಅಭಾವ ಇರುವ ಊರುಗಳಲ್ಲಿ ಶೇ. 15ರವರೆಗೆ ಏರಿಸಬಹುದು. ಏರಿದ ಬಾಡಿಗೆ ಮಿತಿ ದಾಟಿದರೆ ದಾಟಿದಷ್ಟೂ ನಿಮ್ಮ ತಲೆಗೆ. ಸ್ವಲ್ಪ ಜಾಗ ಬಿಟ್ಟುಕೊಳ್ಳಿ.

ಬಿಸಿಯ ವಿಷಯಕ್ಕೆ ಇಷ್ಟು ಯಾಕೆ ಒತ್ತು ಕೊಡುತ್ತಿದ್ದೇನೆ ಅಂದರೆ, ನಮ್ಮ ಮನೆಯಲ್ಲೇ ಆಗಿದೆ. ನನ್ನ ಯಜಮಾನರೂ ಅದೇ ಸೇವೆಯಲ್ಲಿದ್ದರು. ಕೈಸರ್ಸ್‌ಲೌಟರ್ನ್ ಹತ್ತಿರದ ಒಂದು ಹಳ್ಳಿಯಲ್ಲಿ ಅಕ್ಟೋಬರ್‌ನಲ್ಲಿ ಮನೆ ಹಿಡಿದೆವು. ನೆಲಮಾಳಿಗೆಯಲ್ಲಿ ಎಣ್ಣೆಯ ಟ್ಯಾಂಕು. ಅದರ ಪಕ್ಕಕ್ಕೆ ಒಂದು ತೆಳು ಕೊಳವೆ, ಒಳಗೆ ಕೆಂಪು ಗುರುತು, ಎಣ್ಣೆ ಎಷ್ಟಿದೆ ಅಂತ ಅದು ತೋರಿಸುತ್ತದೆ. ಮಾಲೀಕರು ತೋರಿಸಿದಾಗ ತಲೆಯಾಡಿಸಿ ಮೇಲೆ ಬಂದೆವು. ಅಕ್ಟೋಬರ್, ನವೆಂಬರ್ ಎರಡು ತಿಂಗಳೂ ಭತ್ಯೆ ಬಂತು, ಬಿಲ್ ಮಾತ್ರ ಯಾವುದೂ ಬರಲಿಲ್ಲ. ಖರ್ಚು ಕಡಿಮೆ ಅಂದುಕೊಂಡು ಆ ದುಡ್ಡನ್ನು ತಿರುಗಾಟಕ್ಕೆ ಹಾಕಿದೆವು. ಡಿಸೆಂಬರ್‌ನಲ್ಲಿ ಒಂದು ರಾತ್ರಿ ಗೋಡೆಗೆ ಹಾಕಿದ ಹೀಟರ್ ಮುಟ್ಟಿದರೆ ಕಲ್ಲಿನಂತೆ ತಣ್ಣಗಿತ್ತು. ಅವರು ಡ್ಯೂಟಿ ಮೇಲೆ ಬೇರೆ ಊರಲ್ಲಿ. ಮಗಳಿಗೆ ಎರಡು ವರ್ಷ. ಟಾರ್ಚ್ ಹಿಡಿದು ಕೆಳಗಿಳಿದರೆ ಕೆಂಪು ಗುರುತು ತಳದಲ್ಲಿ ಕೂತಿತ್ತು. ಎರಡು ದಿನ ಮಗುವಿಗೆ ಜಾಕೆಟ್ ಹಾಕಿಯೇ ಮಲಗಿಸಿದೆ. ಮೂರನೇ ದಿನ ಟ್ಯಾಂಕರ್ ಬಂದು, ಕಿಟಕಿಯಿಂದ ಪೈಪ್ ಇಳಿಸಿ 1,500 ಲೀಟರ್ ತುಂಬಿತು. ಅಷ್ಟಕ್ಕೂ ಮುಗಿಯಲಿಲ್ಲ. ಟ್ಯಾಂಕ್ ಪೂರ್ತಿ ಖಾಲಿಯಾದರೆ ಬರ್ನರ್ ಗಾಳಿಯನ್ನೂ ತಳದ ಗಸಿಯನ್ನೂ ಎಳೆದುಕೊಳ್ಳುತ್ತದೆ. ಅದನ್ನು ಸರಿಮಾಡುವವರಿಗೆ ಬೇರೆ ಕೊಡಬೇಕಾಯಿತು. ಬಿಲ್ ಬರದ ತಿಂಗಳೇ ಖರ್ಚು ಇಲ್ಲದ ತಿಂಗಳು ಅಂತ ನಂಬಿದ್ದಕ್ಕೆ ಆ ಚಳಿ.

ಅದಕ್ಕೇ ಹೇಳುವುದು. ಆ ಮಾಸಿಕ ಭತ್ಯೆಗೆ ಒಂದು ಬೇರೆ ಯೂರೋ ಖಾತೆ ತೆರೆಯಿರಿ. ಬೇಸಿಗೆಯಲ್ಲೂ ಅದನ್ನು ಪೂರ್ತಿ ಅಲ್ಲಿಗೆ ಹಾಕಿ, ಮುಟ್ಟಬೇಡಿ. ಎಣ್ಣೆ, ಕರೆಂಟು, ನೀರು ಎಲ್ಲ ಅಲ್ಲಿಂದಲೇ ಹೋಗಲಿ. ಒಂದು ಪೂರ್ತಿ ವರ್ಷ ಆಗುವವರೆಗೆ 'ಉಳಿಯಿತು' ಅನ್ನುವ ಮಾತೇ ಆಡಬೇಡಿ. ಕರೆಂಟಿನವರು ತಿಂಗಳಿಗೆ ಅಂದಾಜು ಮೊತ್ತ ತೆಗೆದುಕೊಂಡು ವರ್ಷಕ್ಕೊಮ್ಮೆ ಮೀಟರ್ ನೋಡಿ ಲೆಕ್ಕ ಮಾಡುತ್ತಾರೆ. ಮೊದಲ ವರ್ಷದ ಅಂದಾಜು ನಿಮ್ಮ ಬಳಕೆಯದ್ದಲ್ಲ, ಹಿಂದಿದ್ದವರದ್ದು. ಒಬ್ಬರೇ ಇದ್ದು ಹೋದ ಮನೆಗೆ ನೀವು ಮೂವರು ಬಂದು, ದಿನಾ ಡ್ರೈಯರ್ ಓಡಿಸಿದರೆ ವರ್ಷದ ಕೊನೆಯಲ್ಲಿ ದೊಡ್ಡ ಬಾಕಿ ಬರುತ್ತದೆ.

ಇದೇ ಜಾತಿಯ ಇನ್ನೊಂದು ನೇಬೆನ್‌ಕೋಸ್ಟೆನ್. ಜರ್ಮನ್ ಜಾಹೀರಾತಿನಲ್ಲಿ ಕಾಣುವ ಬಾಡಿಗೆ ಹೆಚ್ಚಾಗಿ ಕಾಲ್ಟ್‌ಮೀಟೆ, ಅಂದರೆ 'ತಣ್ಣನೆಯ ಬಾಡಿಗೆ', ಬರೀ ಗೋಡೆ ಮತ್ತು ಚಾವಣಿಗೆ. ಕಸ, ನೀರು, ಕಟ್ಟಡದ ತೆರಿಗೆ, ಮೆಟ್ಟಿಲಿನ ದೀಪ ಇವೆಲ್ಲ ಸೇರಿ ನೇಬೆನ್‌ಕೋಸ್ಟೆನ್. ಇದನ್ನೂ ತಿಂಗಳಿಗಿಷ್ಟು ಅಂತ ಅಂದಾಜಿನಲ್ಲಿ ಕಟ್ಟುತ್ತೀರಿ, ಆಮೇಲೆ ಲೆಕ್ಕ. ಆ ಲೆಕ್ಕ ಕೊಡಲು ಮಾಲೀಕರಿಗೆ ಲೆಕ್ಕದ ವರ್ಷ ಮುಗಿದ ಮೇಲೆ 12 ತಿಂಗಳು ಸಮಯ ಇದೆ. ಅಂದರೆ ಒಂದು ವರ್ಷದ ಜನವರಿಯ ನೀರಿನ ಬಾಕಿ ಮುಂದಿನ ವರ್ಷದ ಡಿಸೆಂಬರ್‌ನಲ್ಲೂ ಬರಬಹುದು. ನೀವು ಕೇಳಿದ ಎರಡು ಬಾಡಿಗೆಗಳೂ ತಣ್ಣನೆಯವೋ, ಈ ಖರ್ಚುಗಳೂ ಸೇರಿದ ಬೆಚ್ಚಗಿನವೋ ನಿಮ್ಮ ಪತ್ರದಲ್ಲಿ ಬರೆದಿಲ್ಲ. ಅದನ್ನು ಕೇಳದೆ ಹೋಲಿಸಬೇಡಿ. ಬಿಲ್‌ಗಳೆಲ್ಲ ಬಾಡಿಗೆಯಲ್ಲೇ ಸೇರಿದ್ದರೆ ಭತ್ಯೆ ಕೊಡುವ ರೀತಿಯೂ ಬದಲಾಗುತ್ತದೆ. ಆಗ ಉಳಿಸಿಕೊಳ್ಳಲು ಬೇರೆ ಮಾಸಿಕ ಮೊತ್ತ ಇರುವುದಿಲ್ಲ.

ಒಂದು ರಿಯಾಯಿತಿ ಇದೆ, ಬಹಳ ಜನ ಬಿಡುತ್ತಾರೆ. ಅಲ್ಲಿರುವ ಅಮೆರಿಕನ್ ಸೇನೆಯವರಿಗೆ ಜರ್ಮನಿಯ ಮೌಲ್ಯವರ್ಧಿತ ತೆರಿಗೆಯಿಂದ ವಿನಾಯಿತಿ ಉಂಟು. ಸಾಮಾನ್ಯ ದರ ಶೇ. 19. ಬೇಸ್‌ನ, ಅಂದರೆ ವಾಯುನೆಲೆಯ, ಟ್ಯಾಕ್ಸ್ ರಿಲೀಫ್ ಆಫೀಸಿನಲ್ಲಿ ಹೆಸರು ಬರೆಸಿದರೆ ಒಪ್ಪಿಕೊಂಡ ಕಂಪನಿಗಳ ಕರೆಂಟು, ಗ್ಯಾಸ್ ಬಿಲ್‌ನಿಂದ ಆ ತೆರಿಗೆ ಹೋಗುತ್ತದೆ. ಮನೆಗೆ ಸೇರಿದ ಮೊದಲ ವಾರದಲ್ಲೇ ಮಾಡಿಸಿ.

ಈಗ ಆ 'ಕೈಗೆ ತಗೊಳ್ಳಿ' ಸಲಹೆ. ದಯವಿಟ್ಟು ಬೇಡ. ಬಾಡಿಗೆ ಎಷ್ಟು ಅಂತ ನಿಮ್ಮ ಮನೆಯವರು ಡಿಡಿ 2367 ಅನ್ನುವ ಫಾರ್ಮಿನಲ್ಲಿ ಬರೆದು ಸಹಿ ಮಾಡುತ್ತಾರೆ. 1,450 ಕೊಟ್ಟು 1,750 ಅಂತ ಬರೆದರೆ ಅದು ಸರ್ಕಾರಕ್ಕೆ ಕೊಟ್ಟ ಸುಳ್ಳು ಲೆಕ್ಕ. ಸಿಕ್ಕಿಬಿದ್ದರೆ ದುಡ್ಡು ವಾಪಸ್ ಕಟ್ಟುವುದಷ್ಟೇ ಅಲ್ಲ, ಮಿಲಿಟರಿ ಕಾನೂನಿನಲ್ಲಿ ವಿಚಾರಣೆ. ರ್ಯಾಂಕು, ಭದ್ರತಾ ಅನುಮತಿ, ಕೆಲಸ, ಎಲ್ಲವೂ ಅಪಾಯಕ್ಕೆ. 'ಎಲ್ಲರೂ ಮಾಡ್ತಾರೆ' ಅನ್ನುವುದು ನಿಜವಲ್ಲ. ನನ್ನ ಮುಂದೆ ಕೂತು ಅತ್ತವರು ಕೆಲವರೇ, ಆದರೆ ಆ ಮುಖಗಳು ಈಗಲೂ ಕಣ್ಣಮುಂದಿವೆ. ಇನ್ನೊಂದು ಮಾತು. ಸುಳ್ಳು ಬಾಡಿಗೆಗಳು ಲೆಕ್ಕಕ್ಕೆ ಸೇರಿದರೆ ಮಿತಿ ಏರುತ್ತದೆ, ಮಿತಿ ನೋಡಿ ಮಾಲೀಕರು ಬಾಡಿಗೆ ಏರಿಸುತ್ತಾರೆ. ಅದೇ ಹಳ್ಳಿಯಲ್ಲಿ ಮನೆ ಹುಡುಕುವ ಜರ್ಮನ್ ಟೀಚರ್, ನರ್ಸ್ ಅದನ್ನು ತೆರಬೇಕಾಗುತ್ತದೆ. ನಾವು ಅವರ ಊರಿನಲ್ಲಿ ಅತಿಥಿಗಳು, ಅಲ್ವಾ?

ಗೊತ್ತಿಲ್ಲದೆ ಆಗುವ ತಪ್ಪುಗಳೂ ಇವೆ. ಬಾಡಿಗೆ ಬದಲಾದರೆ ಹೊಸ ಫಾರ್ಮ್ ಕೊಡಬೇಕು. ನೀವು ಮಗಳನ್ನು ಕರೆದುಕೊಂಡು ಊರಿಗೆ ಬಂದು ಒಂದು ತಿಂಗಳಿಗಿಂತ ಜಾಸ್ತಿ ಇರುವುದಾದರೆ ಹೊರಡುವ ಮುಂಚೆ ಫೈನಾನ್ಸ್ ಆಫೀಸಿಗೆ ಹೇಳಿ. ಕುಟುಂಬ ಜೊತೆಗಿಲ್ಲದ ದಿನಗಳು ಜಾಸ್ತಿಯಾದರೆ ಕೆಲವು ಭತ್ಯೆಗಳ ಲೆಕ್ಕ ಬದಲಾಗುತ್ತದೆ. ಬಾಣಂತನಕ್ಕೆ ತವರಿಗೆ ಬಂದು ಐದು ತಿಂಗಳು ಇದ್ದು, ವಾಪಸ್ ಹೋದಾಗ ಸಂಬಳದಲ್ಲಿ ಕಡಿತ ನೋಡಿ ಬೆಚ್ಚಿದವರನ್ನು ಕಂಡಿದ್ದೇನೆ. ಸಂಬಳದ ಚೀಟಿ, ಎಲ್‌ಇಎಸ್, ಪ್ರತಿ ತಿಂಗಳೂ ಇಬ್ಬರೂ ಕೂತು ನೋಡಿ. ಜಾಸ್ತಿ ಬಂದಿದ್ದರೆ ಸುಮ್ನೆ ಇರಬೇಡಿ. ತಪ್ಪಿ ಬಂದ ದುಡ್ಡು ಒಂದು ದಿನ ವಾಪಸ್ ಹೋಗೇ ಹೋಗುತ್ತದೆ, ಆಗ ಒಟ್ಟಿಗೆ ಹೋಗುತ್ತದೆ.

ಅಡ್ವಾನ್ಸ್ ಬಗ್ಗೆ. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು, ಬಿಡುವಾಗ ಪೇಂಟಿಂಗ್ ಅಂತ ಒಂದು ತಿಂಗಳದ್ದು ಕಳೆದುಕೊಂಡ ಅನುಭವ ನಮ್ಮಲ್ಲಿ ಬಹಳ ಜನಕ್ಕಿದೆ. ಜರ್ಮನಿಯಲ್ಲಿ ಇದಕ್ಕೆ ಕೌಟ್ಸಿಯೋನ್ ಅನ್ನುತ್ತಾರೆ, ಕಾನೂನು ಬಿಗಿಯಾಗಿದೆ. ತಣ್ಣನೆಯ ಬಾಡಿಗೆಯ ಮೂರು ಪಟ್ಟಿಗಿಂತ ಜಾಸ್ತಿ ಕೇಳುವ ಹಾಗಿಲ್ಲ. ಮಾಲೀಕರು ಅದನ್ನು ತಮ್ಮ ದುಡ್ಡಿನ ಜೊತೆ ಬೆರೆಸದೆ ಬೇರೆ ಇಡಬೇಕು, ಬಡ್ಡಿ ಬಂದರೆ ನಿಮ್ಮದು. ಇದಕ್ಕಿಂತ ಮುಖ್ಯವಾದ, ಯಾರೂ ತಾವಾಗಿ ಹೇಳದ ಒಂದು ಮಾತು ಇದೆ. ಆ ಮೊತ್ತವನ್ನು ಮೂರು ತಿಂಗಳ ಕಂತಿನಲ್ಲಿ ಕೊಡುವ ಹಕ್ಕು ಬಾಡಿಗೆದಾರರಿಗಿದೆ. ಮೊದಲ ಕಂತು ಬಾಡಿಗೆ ಶುರುವಾದಾಗ, ಮಿಕ್ಕ ಎರಡು ಮುಂದಿನ ಎರಡು ತಿಂಗಳ ಬಾಡಿಗೆಯ ಜೊತೆ. ಹೊಸ ಮನೆಯಾದರೆ 4,950 ಯೂರೋ ಒಂದೇ ದಿನ ಹುಡುಕುವ ಬದಲು 1,650ರ ಹಾಗೆ ಮೂರು ಸಲ.

ಅದೂ ಕಷ್ಟವಾದರೆ ಓಎಚ್‌ಎಯನ್ನೇ ಮುಂಗಡವಾಗಿ ಕೇಳಬಹುದು. ಅಡ್ವಾನ್ಸಿಗೂ, ಮೊದಲ ಬಾಡಿಗೆಗೂ ಅದು ಸಿಗುತ್ತದೆ. ಬಡ್ಡಿ ಇಲ್ಲ. ಆದರೆ ಇದು ಕೊಡುಗೆಯಲ್ಲ, ಸಾಲ. ಮುಂದೆ ಬರುವ ಸಂಬಳದಿಂದ ಕಡಿತವಾಗುತ್ತದೆ. ಯಾವ ತಿಂಗಳಿಂದ, ಎಷ್ಟು ಕಂತು ಅಂತ ಫೈನಾನ್ಸ್ ಆಫೀಸಿನಿಂದ ಬರಹದಲ್ಲಿ ತೆಗೆದುಕೊಳ್ಳಿ. ಒಂದು ವರ್ಷದಲ್ಲಿ ಪೂರ್ತಿ ಕಡಿತವಾಗುತ್ತದೆ ಅಂತಲೇ ಬಜೆಟ್ ಹಾಕಿ. 4,950 ಯೂರೋ ಅಂದರೆ, ಯೂರೋಗೆ 1.17 ಡಾಲರ್ ಲೆಕ್ಕದಲ್ಲಿ, ತಿಂಗಳಿಗೆ ಸುಮಾರು 480 ಡಾಲರ್ ಕಡಿತ. ನಿಮ್ಮ ಸೈಟಿನ ಕಂತಿಗಿಂತ ಜಾಸ್ತಿ. ಅದಕ್ಕೇ ಮೂರು ಕಂತಿನ ದಾರಿ ನನಗೆ ಹೆಚ್ಚು ಇಷ್ಟ.

ನಿಜವಾದ ಬಿಕ್ಕಟ್ಟು ಮೊದಲ ತಿಂಗಳದ್ದು. ಜರ್ಮನಿಯಲ್ಲಿ ಬಾಡಿಗೆ ತಿಂಗಳ ಮೂರನೇ ಕೆಲಸದ ದಿನದೊಳಗೆ ಮಾಲೀಕರಿಗೆ ಹೋಗಬೇಕು. ಸೇನೆಯ ಸಂಬಳ 15ಕ್ಕೆ ಅರ್ಧ, ಮುಂದಿನ ತಿಂಗಳ 1ಕ್ಕೆ ಇನ್ನರ್ಧ. ಸೆಪ್ಟೆಂಬರ್ ಬಾಡಿಗೆ ನೀವು ಸೆಪ್ಟೆಂಬರ್ ಮೊದಲ ವಾರ ಕಟ್ಟುತ್ತೀರಿ, ಅದರ ಭತ್ಯೆ ಪೂರ್ತಿ ಕೈಗೆ ಬರುವುದು ಅಕ್ಟೋಬರ್ 1ಕ್ಕೆ. ಹೊಸ ಕಾಗದಪತ್ರ ಸಂಬಳಕ್ಕೆ ಸೇರಲು ಒಂದೆರಡು ಸುತ್ತು ಆಗುವುದೂ ಉಂಟು. ಹಳೇ ಮನೆಯನ್ನೇ ತೆಗೆದುಕೊಳ್ಳಿ: ಬಾಡಿಗೆ 1,450, ಅಡ್ವಾನ್ಸಿನ ಮೊದಲ ಕಂತು 1,450, ನೇಬೆನ್‌ಕೋಸ್ಟೆನ್ 200, ಒಂದು ಸಾವಿರ ಲೀಟರ್ ಎಣ್ಣೆಗೆ 1,000, ದೀಪ ಪರದೆಗಳಿಗೆ 400. ಭತ್ಯೆಯ ಮೊದಲ ಕಾಸು ಬರುವ ಮುಂಚೆ 4,500 ಯೂರೋ. ಅಡ್ವಾನ್ಸ್ ಒಟ್ಟಿಗೇ ಕೊಟ್ಟರೆ 7,400. ಈ ದುಡ್ಡು ಆಗಸ್ಟ್‌ಗೆ ಮುಂಚೆ ಖಾತೆಯಲ್ಲಿರಬೇಕು. ಸಿಗುವ ದಾರಿ ಇದೆ. ವರ್ಗವಾದಾಗ ಡಿಎಲ್‌ಎ ಅಂತ ಸ್ಥಳಾಂತರದ ಭತ್ಯೆ ಕೊಡುತ್ತಾರೆ. ಅದನ್ನು ಹೊಸ ಸೋಫಾಕ್ಕೆ ಹಾಕಬೇಡಿ, ಇದಕ್ಕೇ ಎತ್ತಿಡಿ. ಮನೆ ಸಿಗುವವರೆಗೆ ಹೋಟೆಲಿನಲ್ಲಿರಲು ಟಿಎಲ್‌ಎ ಇದೆ, ಸಾಮಾನ್ಯವಾಗಿ 60 ದಿನದವರೆಗೆ. ಆದರೆ ಮನೆ ಹುಡುಕುತ್ತಿದ್ದೀರಿ ಅನ್ನುವುದಕ್ಕೆ ದಾಖಲೆ ಬೇಕು, ಹೋಟೆಲ್ ರಸೀದಿ ಬೇಕು. ಬಿಲ್ ಮೊದಲು ಕಾರ್ಡಿಗೆ ಬೀಳುತ್ತದೆ, ದುಡ್ಡು ಆಮೇಲೆ ಬರುತ್ತದೆ.

ಮೇಲೆ ಹೇಳಿದ ಮಿಹಾ ದೀಪ ಪರದೆಗಳಿಗೆ ಆಗುತ್ತದೆ. ಜರ್ಮನ್ ಮನೆಗೆ ಮೊದಲ ಸಲ ಕಾಲಿಟ್ಟಾಗ ನೀವು ಚಾವಣಿಯಿಂದ ಬರೀ ವೈರು ನೇತಾಡುವುದನ್ನು ನೋಡಬಹುದು. ಹೋಗುವವರು ದೀಪಗಳನ್ನೂ ಬಿಚ್ಚಿಕೊಂಡು ಹೋಗುತ್ತಾರೆ. ಕೆಲವು ಮನೆಗಳಲ್ಲಿ ಅಡುಗೆಮನೆಯ ಕಪಾಟು, ಸಿಂಕು ಕೂಡ ಇರುವುದಿಲ್ಲ. ಬಟ್ಟೆಯ ಕಪಾಟು ಗೋಡೆಯಲ್ಲಿ ಇರುವುದು ಅಪರೂಪ. 'ಅಡುಗೆಮನೆ ಇದೆಯಾ' ಅಂತ ಕೇಳುವುದು ಅಲ್ಲಿ ವಿಚಿತ್ರ ಪ್ರಶ್ನೆಯಲ್ಲ, ಕೇಳಲೇಬೇಕಾದ ಪ್ರಶ್ನೆ. ಯಾವುದನ್ನೂ ಕೊಳ್ಳುವ ಮುಂಚೆ ಬೇಸ್‌ನಿಂದ ಎರವಲು ಏನೇನು ಸಿಗುತ್ತದೆ ಅಂತ ವಿಚಾರಿಸಿ.

ಯೂರೋ ಏರಿಕೆಯ ಭಯ ಬಾಡಿಗೆಯ ಮಟ್ಟಿಗೆ ಬಿಟ್ಟುಬಿಡಿ. ಬಾಡಿಗೆಯನ್ನು ನೀವು ಯೂರೋದಲ್ಲಿ ವರದಿ ಮಾಡುತ್ತೀರಿ, ಅವರು ತಮ್ಮ ವಿನಿಮಯ ದರ ಹಾಕಿ ಡಾಲರ್‌ನಲ್ಲಿ ಕೊಡುತ್ತಾರೆ. ಆ ದರ ತಿಂಗಳ 1ಕ್ಕೋ 16ಕ್ಕೋ ಬದಲಾಗುತ್ತಿರುತ್ತದೆ. 2022ರ ಜುಲೈನಲ್ಲಿ ಒಂದು ಯೂರೋ ಒಂದು ಡಾಲರಿಗೆ ಬಂದಿತ್ತು. 2025ರ ಜನವರಿಯಲ್ಲಿ ಸುಮಾರು 1.04 ಇದ್ದಿದ್ದು ಜುಲೈ ಹೊತ್ತಿಗೆ 1.17ರ ಆಸುಪಾಸಿಗೆ ಏರಿತು. 1,450 ಯೂರೋ ಬಾಡಿಗೆ 1,508 ಡಾಲರಿನಿಂದ ಸುಮಾರು 1,697ಕ್ಕೆ ಹೋಯಿತು. ಭತ್ಯೆಯೂ ಅದರ ಹಿಂದೆಯೇ ಏರುತ್ತದೆ, ಒಂದೆರಡು ವಾರ ತಡವಾಗಬಹುದು ಅಷ್ಟೆ. ಸಂಬಳದ ಚೀಟಿಯಲ್ಲಿ ಓಎಚ್‌ಎ ಮೊತ್ತ ತಿಂಗಳಿಂದ ತಿಂಗಳಿಗೆ ಬೇರೆ ಕಂಡರೆ ಗಾಬರಿಯಾಗಬೇಡಿ. ಭತ್ಯೆ ಏರಿದ ತಿಂಗಳು ದುಡ್ಡು ಜಾಸ್ತಿ ಬಂತು ಅಂತ ಅಂದುಕೊಳ್ಳಲೂ ಬೇಡಿ.

ಯೂರೋ ಕಚ್ಚುವುದು ಬೇರೆ ಕಡೆ. ಹಳ್ಳಿಯ ಅಂಗಡಿಯ ತರಕಾರಿ, ರೈಲು. ಇದಕ್ಕೆ ಕೋಲಾ ಅನ್ನುವ ಜೀವನವೆಚ್ಚದ ಭತ್ಯೆ ಇದೆ. ಅದೂ ಏರಿಳಿಯುತ್ತದೆ, ಅದನ್ನು ನಂಬಿ ಯಾವ ಕಂತನ್ನೂ ಕಟ್ಟಬೇಡಿ.

ಕರಾರಿಗೆ ಸಹಿ ಹಾಕುವ ಮುಂಚೆ ಬೇಸ್‌ನ ಹೌಸಿಂಗ್ ಆಫೀಸಿಗೆ ತೋರಿಸಲೇಬೇಕು. ಅದರಲ್ಲಿ ಮಿಲಿಟರಿ ಕ್ಲಾಜ್, ಅಂದರೆ ವರ್ಗವಾದರೆ ಬೇಗ ಮನೆ ಬಿಡಲು ಬಿಡುವ ಷರತ್ತು, ಇದೆಯಾ ನೋಡಿ. ಜರ್ಮನಿಯಲ್ಲಿ ಮನೆ ಬಿಡಲು ಸಾಮಾನ್ಯವಾಗಿ ಮೂರು ತಿಂಗಳ ನೋಟಿಸ್. ಈ ಷರತ್ತು ಇಲ್ಲದೆ ದಿಢೀರ್ ವರ್ಗವಾದರೆ ಖಾಲಿ ಮನೆಗೆ ಬಾಡಿಗೆ ಕಟ್ಟುವ ಪರಿಸ್ಥಿತಿ ಬರುತ್ತದೆ. ಕೀಲಿ ಕೈಗೆ ಬರುವ ದಿನ ಮಾಲೀಕರ ಜೊತೆ ಮನೆ ಪೂರ್ತಿ ಸುತ್ತಿ, ಗೀರು, ಕಲೆ, ಮೀಟರ್ ಅಂಕಿ ಎಲ್ಲ ಬರೆಸಿ ಇಬ್ಬರೂ ಸಹಿ ಮಾಡಿ. ಎಣ್ಣೆಯ ಮನೆಯಾದರೆ ನೆಲಮಾಳಿಗೆಗೆ ಇಳಿದು ಆ ಕೊಳವೆಯ ಫೋಟೋ ತೆಗೆಯಿರಿ. ಟ್ಯಾಂಕಿನಲ್ಲಿ ಎಷ್ಟು ಲೀಟರ್ ಇತ್ತು ಅಂತ ಕಾಗದದ ಮೇಲಿರಲಿ. ಬಿಡುವಾಗ ಅಷ್ಟೇ ಬಿಟ್ಟು ಬಂದರೆ ಸಾಕು.

ಹಾಗಾದರೆ ಸೈಟಿನ ಕಂತು? ಆಗಸ್ಟ್‌ವರೆಗೆ ಬಿಎಎಚ್‌ನಿಂದ ಉಳಿಯುವ 400 ಡಾಲರ್ ಇನ್ನೂ ಕೆಲವು ತಿಂಗಳು ಬರುತ್ತದೆ. ಈಗಿನಿಂದಲೇ ಕಂತನ್ನು ಮೂಲ ಸಂಬಳದಿಂದ ಕಟ್ಟಲು ಶುರು ಮಾಡಿ, ಈ 400 ಅನ್ನು ಮೊದಲ ತಿಂಗಳ ಖರ್ಚಿಗೆ ಕೂಡಿಡಿ. ಎರಡು ಲಾಭ. ಸಂಬಳದಲ್ಲಿ ಕಂತು ಹಿಡಿಯುತ್ತದಾ ಅನ್ನುವುದು ಟೆಕ್ಸಸ್‌ನಲ್ಲೇ ಗೊತ್ತಾಗುತ್ತದೆ, ಜರ್ಮನಿಗೆ ಇಳಿಯುವ ಹೊತ್ತಿಗೆ ಕೈಯಲ್ಲಿ ದುಡ್ಡೂ ಇರುತ್ತದೆ. ಹಿಡಿಯದಿದ್ದರೆ ಊರಿನ ಬ್ಯಾಂಕಿನಲ್ಲಿ ಅವಧಿ ವಿಸ್ತರಿಸಿ ಕಂತು ಇಳಿಸಲು ಕೇಳಿ. ಬಡ್ಡಿ ಒಟ್ಟಾರೆ ಜಾಸ್ತಿಯಾಗುತ್ತದೆ, ಆದರೂ ಕಂತು ತಪ್ಪಿ ಹೆಸರು ಕೆಡುವುದಕ್ಕಿಂತ ವಾಸಿ. ನೀವು ಅಲ್ಲಿ ಮನೆಯಿಂದಲೇ ಆನ್‌ಲೈನ್ ಕೆಲಸ ಮಾಡುವ ಯೋಚನೆ ಇದ್ದರೆ, ಶುರು ಮಾಡುವ ಮುಂಚೆ ಬೇಸ್‌ನ ಲೀಗಲ್ ಆಫೀಸಿನಲ್ಲಿ ಒಂದು ಮಾತು ಕೇಳಿ. ಜರ್ಮನ್ ತೆರಿಗೆಯ ತೊಡಕು ಅಲ್ಲಿ ಬರುತ್ತದೆ. ಬೇಸ್‌ನಲ್ಲಿ ಹಣಕಾಸಿನ ಸಲಹೆಯೂ ಉಚಿತವಾಗಿ ಸಿಗುತ್ತದೆ. ಮೊದಲ ವಾರವೇ ಇಬ್ಬರೂ ಹೋಗಿ ಬನ್ನಿ, ನಾಚಿಕೆ ಪಡುವಂಥದ್ದೇನಿಲ್ಲ.

ಇನ್ನು ಮಿಕ್ಸಿ. ಟೆಕ್ಸಸ್‌ನಲ್ಲಿ ಕೊಂಡ 110 ವೋಲ್ಟಿನ ಮಿಕ್ಸಿ, ಗ್ರೈಂಡರ್ ಒಯ್ಯಬೇಡಿ. ಜರ್ಮನಿಯಲ್ಲಿ 230 ವೋಲ್ಟ್, 50 ಹರ್ಟ್ಸ್. ಟ್ರಾನ್ಸ್‌ಫಾರ್ಮರ್ ಹಾಕಿದರೆ ವೋಲ್ಟ್ ಇಳಿಯುತ್ತದೆ, ಹರ್ಟ್ಸ್ ಬದಲಾಗುವುದಿಲ್ಲ. 60 ಹರ್ಟ್ಸ್‌ಗೆ ಮಾಡಿದ ಗ್ರೈಂಡರ್ ಮೋಟಾರು ನಿಧಾನಕ್ಕೆ ತಿರುಗಿ ಕಾಯುತ್ತದೆ, ಉದ್ದಿನಹಿಟ್ಟು ಅರ್ಧಕ್ಕೇ ನಿಲ್ಲುತ್ತದೆ. ನಮ್ಮ ಊರಿನ ಕರೆಂಟೂ ಜರ್ಮನಿಯದೂ ಒಂದೇ ಜಾತಿ. ದಾವಣಗೆರೆಯಿಂದ ಯಾರಾದರೂ ಬರುವಾಗ ಅಲ್ಲಿನ ಮಿಕ್ಸಿ ತರಿಸಿಕೊಳ್ಳಿ. ಪ್ಲಗ್‌ಗೆ ಒಂದು ಗಟ್ಟಿ ಅಡಾಪ್ಟರ್ ಸಿಕ್ಕಿಸಿದರೆ ಮೊದಲ ದಿನದಿಂದಲೇ ಚಟ್ನಿ ಅರೆಯಬಹುದು.